ಜೇನುಪೆಟ್ಟಿಗೆ ಕೊಳ್ಳುವ ಮುಂಚೆ ಮುಚ್ಚಳ ತೆಗೆಸಿ ನೋಡಿ

ಮಾನ್ಯ ಸಂಪಾದಕರೇ,

ಮಂಡ್ಯ, ಮೈಸೂರು ಕಡೆ ಹಿತ್ತಲಲ್ಲಿ ಒಂದೆರಡು ಜೇನುಪೆಟ್ಟಿಗೆ ಇಡುವವರು ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಆದರೆ ಪೆಟ್ಟಿಗೆ ಎಲ್ಲಿಂದ ಬಂತು, ಜೇನಿನ ಜೊತೆ ಒಳಗೆ ಇನ್ನೇನು ಬಂತು ಅಂತ ಕೇಳುವವರು ಕಡಿಮೆ.

ಸ್ಮಾಲ್ ಹೈವ್ ಬೀಟಲ್ ಅನ್ನುವ ಪುಟ್ಟ ದುಂಬಿಯ ಬಗ್ಗೆ ಹೇಳುತ್ತಿದ್ದೇನೆ. ಮೂಲ ಆಫ್ರಿಕಾ. ಉದ್ದ 5ರಿಂದ 7 ಮಿಲಿಮೀಟರ್, ಬಣ್ಣ ಕಪ್ಪು ಕಂದು. 1998ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 2014ರಲ್ಲಿ ಇಟಲಿ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಪತ್ತೆಯಾಯಿತು. ದುಂಬಿಗಿಂತ ಅದರ ಮರಿಹುಳು ಕೆಟ್ಟದ್ದು. ಜೇನಿನ ಮರಿ, ಪರಾಗ, ತುಪ್ಪ ಎಲ್ಲ ತಿಂದು ಎರಿಯಲ್ಲೇ (ಜೇನು ಕಟ್ಟುವ ಮೇಣದ ತಟ್ಟಿ) ಹೊಲಸು ಮಾಡುತ್ತದೆ, ತುಪ್ಪ ಹುಳಿ ಬಂದು ನೊರೆ ಕಟ್ಟಿ ಸೋರುತ್ತದೆ, ಕೊಳೆತ ಕಿತ್ತಳೆಯ ವಾಸನೆ ಬರುತ್ತದೆ, ಕೊನೆಗೆ ಜೇನು ಗೂಡೇ ಬಿಟ್ಟು ಹೋಗುತ್ತದೆ.

ಇದನ್ನು ಮೇಣದ ಹುಳು ಅಂದುಕೊಳ್ಳಬೇಡಿ. ಮೇಣದ ಹುಳು ಎರಿಯಲ್ಲಿ ಬಲೆ ನೇಯುತ್ತದೆ, ಇದು ನೇಯುವುದಿಲ್ಲ. ಇದರ ಬೆನ್ನ ಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಬೆಳೆದ ಮೇಲೆ ಪೆಟ್ಟಿಗೆಯಿಂದ ಇಳಿದು ಮಣ್ಣಿನೊಳಗೆ ಕೋಶವಾಗಿ, ಅಲ್ಲೇ ದುಂಬಿಯಾಗುತ್ತದೆ. ಹಾಗಾಗಿ ಪೆಟ್ಟಿಗೆ ಒದ್ದೆ, ಸಡಿಲ ಮಣ್ಣಿನ ಮೇಲೆ ಬೇಡ. ಗಟ್ಟಿ ನೆಲ, ಬಿಸಿಲು ಬೀಳುವ ಜಾಗ ಒಳ್ಳೆಯದು. ತಾರಸಿಯಲ್ಲಿ ಇಟ್ಟು ಪಕ್ಕದಲ್ಲೇ ಹೂಕುಂಡಗಳಿಗೆ ದಿನಾ ನೀರು ಹಾಕುತ್ತಿದ್ದರೆ ಅಷ್ಟೇನೂ ಉಪಯೋಗವಿಲ್ಲ.

ದಯವಿಟ್ಟು ತರಕಾರಿಗೆ ಹೊಡೆಯುವ ಔಷಧಿ ತಂದು ಪೆಟ್ಟಿಗೆಗೆ ಹೊಡೆಯಬೇಡಿ. ಜೇನೂ ಸಾಯುತ್ತದೆ, ತುಪ್ಪವೂ ವಿಷವಾಗುತ್ತದೆ. ದುಂಬಿಯನ್ನು ತಡೆಯುವುದು ಜೇನಿನ ಬಲವೇ. ಎರಿ ತುಂಬ ಜೇನು ಕೂತಿದ್ದರೆ ದುಂಬಿಗೆ ಮೊಟ್ಟೆ ಇಡಲು ಜಾಗ ಸಿಗುವುದು ಕಷ್ಟ. ಜೇನಿನ ಕುಟುಂಬ ಚಿಕ್ಕದಿದ್ದಾಗ ಸುಮ್ನೆ ಮೇಲೆ ಜೇನು ಕೋಣೆ (ತುಪ್ಪ ತುಂಬಲು ಇಡುವ ಮೇಲಿನ ಪೆಟ್ಟಿಗೆ) ಏರಿಸಬೇಡಿ, ಖಾಲಿ ಎರಿ ತೆಗೆದುಬಿಡಿ. ಜೇನು ಅಟ್ಟಿಸಿಕೊಂಡು ಬಂದಾಗ ದುಂಬಿ ಸಂದಿ ಹುಡುಕುತ್ತದೆ. ಅದಕ್ಕೇ ಫ್ರೇಮುಗಳ (ಎರಿ ಕಟ್ಟುವ ಮರದ ಚೌಕಟ್ಟು) ನಡುವೆ ಅಡುಗೆ ಎಣ್ಣೆ ಹಾಕಿದ ತೆಳು ಟ್ರ್ಯಾಪ್ ಇಡುತ್ತಾರೆ. ಅದರ ಸೀಳು ದುಂಬಿ ನುಸುಳುವಷ್ಟೇ ಇರಬೇಕು, ಜೇನು ಬೀಳಬಾರದು. ಕೊಯ್ದ ಎರಿಯಿಂದ ತಡಮಾಡದೆ ತುಪ್ಪ ತೆಗೆಯಿರಿ, ಬಕೆಟ್‌ನಲ್ಲಿ ಹಾಗೇ ಬಿಡಬೇಡಿ.

1990ರ ದಶಕದ ಶುರುವಿನಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ನಮ್ಮ ತುಡುವೆ ಜೇನು ಎಷ್ಟು ನಾಶವಾಯಿತು ಅಂತ ಹಳಬರಿಗೆ ಗೊತ್ತು. ರೋಗ ಹರಡಿದ ಮೇಲೆ ಎಚ್ಚರವಾದರೆ ಏನು ಪ್ರಯೋಜನ, ಅಲ್ವಾ? ತೋಟಗಾರಿಕೆ ಇಲಾಖೆಯವರು ಜೇನು ತರಬೇತಿಯಲ್ಲಿ ಈ ದುಂಬಿಯ ಫೋಟೊ ತೋರಿಸಲಿ, ದೂರದಿಂದ ಲಾರಿಯಲ್ಲಿ ಬರುವ ಪೆಟ್ಟಿಗೆಗಳನ್ನು ತೆಗೆಸಿ ನೋಡಲಿ. ಅನುಮಾನ ಬಂದವರು ನಾಲ್ಕು ದುಂಬಿ ಹಿಡಿದು ಸ್ಪಿರಿಟ್‌ನಲ್ಲಿ ಹಾಕಿ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ತೋರಿಸಿ, ಉತ್ತರ ಸಿಗುವವರೆಗೆ ಆ ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡಿ.

ಇಂತಿ,
ಒಬ್ಬ ಜೇನು ಸಾಕಣೆದಾರ, ಮಂಡ್ಯ