ವರ್ಷಗಳಿಗೆ ಲೆಕ್ಕವಿಲ್ಲದ ವೀಸಾ

ಮಾನ್ಯ ಸಂಪಾದಕರೇ,

2025ರ ಜುಲೈ ಮೊದಲ ವಾರದಲ್ಲಿ, ಯುಎಇಯಲ್ಲಿ ಒಂದು ಲಕ್ಷ ದಿರ್ಹಮ್, ಅಂದರೆ ಸುಮಾರು 23 ಲಕ್ಷ ರೂಪಾಯಿ ಕಟ್ಟಿದ ಭಾರತೀಯರಿಗೆ ಜೀವನಪೂರ್ತಿ ಗೋಲ್ಡನ್ ವೀಸಾ (ಅಲ್ಲಿ ದೀರ್ಘಕಾಲ ವಾಸಿಸುವ ಪರವಾನಗಿ) ಸಿಗಲಿದೆ ಎಂಬ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿಯೂ ಸುದ್ದಿವಾಹಿನಿಗಳಲ್ಲಿಯೂ ದೊಡ್ಡದಾಗಿ ಬಂತು. ಅಂದು ಸಂಜೆಯೊಳಗೆ ಯುಎಇಯ ಶಾರ್ಜಾದಲ್ಲಿರುವ ನನಗೆ ಊರಿನಿಂದ ನಾಲ್ಕು ಕರೆಗಳು ಬಂದವು. ತೋಟದ ಒಂದು ತುಂಡನ್ನು ಮಾರಿದರೆ ಹಣ ಹೊಂದೀತು, ಅರ್ಜಿ ಎಲ್ಲಿ ಹಾಕಬೇಕು ಎಂದು ನನ್ನ ಸೋದರಳಿಯನೇ ಕೇಳಿದ. ಎರಡು ಮೂರು ದಿನಗಳಲ್ಲಿ ಇಲ್ಲಿನ ಗುರುತು ಮತ್ತು ಪೌರತ್ವದ ಫೆಡರಲ್ ಪ್ರಾಧಿಕಾರವು ಅಂಥ ಯಾವ ಯೋಜನೆಯೂ ಇಲ್ಲವೆಂದು ಸ್ಪಷ್ಟಪಡಿಸಿತು. ಆ ಸ್ಪಷ್ಟೀಕರಣ ನನ್ನ ಅಳಿಯನ ಕಣ್ಣಿಗೆ ಬೀಳಲೇ ಇಲ್ಲ. ನಾನೇ ಅದನ್ನು ಓದಿ ಹೇಳಬೇಕಾಯಿತು.

ಈ ಪತ್ರ ಬರೆಯಲು ಆ ಸುದ್ದಿಯೊಂದೇ ಕಾರಣವಲ್ಲ. ಕೊಲ್ಲಿ ದೇಶಗಳ ವೀಸಾ ಸುಧಾರಣೆಯೆಂದರೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಯಾವ ನಟನಿಗೆ ಗೋಲ್ಡನ್ ವೀಸಾ ಸಿಕ್ಕಿತು, ಯಾವ ಉದ್ಯಮಿ ಅಲ್ಲಿ ಮನೆ ಕೊಂಡರು ಎಂಬ ವರದಿ. ಇಲ್ಲಿ ಎರಡು ಮೂರು ದಶಕ ಕಳೆದ ಲೆಕ್ಕಿಗರು, ಸ್ಟೋರ್‌ಕೀಪರುಗಳು, ಚಾಲಕರು, ದಾದಿಯರು ಈ ನಿಯಮಗಳ ಬಗ್ಗೆ ಏನೆನ್ನುತ್ತಾರೆ ಎಂಬುದು ಅಚ್ಚಾದದ್ದನ್ನು ನಾನು ಕಂಡಿದ್ದು ಕಡಿಮೆ. ಯುಎಇಯಲ್ಲಿರುವ ಭಾರತೀಯರ ಸಂಖ್ಯೆ 35 ಲಕ್ಷಕ್ಕೂ ಹೆಚ್ಚು, ಇಲ್ಲಿನ ಒಟ್ಟು ಜನಸಂಖ್ಯೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹೊರಗಿನಿಂದ ಬಂದವರದೇ. ಅವರಲ್ಲಿ ಗೋಲ್ಡನ್ ವೀಸಾದ ಮಟ್ಟಕ್ಕೆ ಏರಬಲ್ಲವರು ಬೆರಳೆಣಿಕೆಯಷ್ಟಲ್ಲದಿದ್ದರೂ ಬಹುಮಂದಿಯಂತೂ ಅಲ್ಲ.

ನಾನು 1997ರಲ್ಲಿ ಶಾರ್ಜಾಕ್ಕೆ ಬಂದವನು. ಆಗ ಕೆಲಸದ ವೀಸಾ ಮೂರು ವರ್ಷಕ್ಕೊಮ್ಮೆ ನವೀಕರಣವಾಗುತ್ತಿತ್ತು. 2011ರಿಂದ ಖಾಸಗಿ ವಲಯದಲ್ಲಿ ಅದು ಎರಡು ವರ್ಷಕ್ಕೆ ಇಳಿಯಿತು. ಹೀಗೆ ಇದುವರೆಗೆ ಹನ್ನೆರಡು ಸಲ ನನ್ನ ವೀಸಾ ಹೊಡೆಸಿದ್ದಾಗಿದೆ. ಹನ್ನೆರಡು ಸಲವೂ ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಕೌಂಟರಿನ ಮುಂದೆ ಕುಳಿತು, ಹನ್ನೆರಡು ಸಲವೂ ಮೆಡಿಕಲ್‌ಗೆಂದು ತೋಳು ಚಾಚಿ ರಕ್ತ ಕೊಟ್ಟಿದ್ದೇನೆ. 2022ರ ಏಪ್ರಿಲ್‌ನಲ್ಲಿ ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಅಂಟಿಸುವ ಪದ್ಧತಿಯನ್ನು ಕೈಬಿಟ್ಟು ಎಮಿರೇಟ್ಸ್ ಐಡಿ ಕಾರ್ಡನ್ನೇ ವಾಸದ ಪುರಾವೆಯಾಗಿ ಮಾಡಿದರು. ಅದು ಒಳ್ಳೆಯದೇ ಆಯಿತು, ಪಾಸ್‌ಪೋರ್ಟನ್ನು ವಾರಗಟ್ಟಲೆ ಕಂಪನಿಯ ಕೈಗೆ ಕೊಟ್ಟು ಕೂರುವ ಕಾಟ ತಪ್ಪಿತು. ಆದರೆ ರಬ್ಬರ್ ಬ್ಯಾಂಡ್ ಹಾಕಿಟ್ಟ ನನ್ನ ಹಳೆಯ ಪಾಸ್‌ಪೋರ್ಟುಗಳ ಗುಲಾಬಿ ಪುಟಗಳನ್ನು ಈಗ ತಿರುವಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪ್ರತಿ ಸ್ಟಿಕ್ಕರಿನ ಮೇಲೂ ಸ್ಪಾನ್ಸರ್, ಅಂದರೆ ವೀಸಾದ ಹೊಣೆ ಹೊತ್ತವರ ಹೆಸರಿದೆ, ನನ್ನ ಕಸುಬಿದೆ, ಅವಧಿ ಮುಗಿಯುವ ದಿನವಿದೆ. ಈ ಮನುಷ್ಯ ಎಷ್ಟು ವರ್ಷದಿಂದ ಇಲ್ಲಿದ್ದಾನೆ ಎಂಬುದು ಯಾವುದರಲ್ಲೂ ಇಲ್ಲ. ಹನ್ನೆರಡನೆಯ ವೀಸಾ ಮೊದಲನೆಯದಕ್ಕಿಂತ ಒಂದು ದಿನದಷ್ಟೂ ಗಟ್ಟಿಯಲ್ಲ.

ನಮ್ಮಂಥವರ ಅಹವಾಲಿನ ತಿರುಳು ಇಷ್ಟೇ: ವಾಸದ ಹಕ್ಕನ್ನು ಅಳೆಯುವಾಗ ಸಂಬಳ ಮತ್ತು ಆಸ್ತಿಯ ಜೊತೆಗೆ ಇಲ್ಲಿ ಕಳೆದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸುಧಾರಣೆಗಳೇ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2022ರ ಅಕ್ಟೋಬರ್ 3ರಂದು ಜಾರಿಗೆ ಬಂದ ಹೊಸ ವ್ಯವಸ್ಥೆ ಬಹಳಷ್ಟನ್ನು ಸಡಿಲಿಸಿತು. ಹತ್ತು ವರ್ಷದ ಗೋಲ್ಡನ್ ವೀಸಾ 2019ರಲ್ಲೇ ಆರಂಭವಾಗಿದ್ದರೂ ಅದರ ವ್ಯಾಪ್ತಿ ಹಿಗ್ಗಿದ್ದು ಆಗಲೇ. ಐದು ವರ್ಷದ ಗ್ರೀನ್ ವೀಸಾ ಬಂತು, ಅದಕ್ಕೆ ಸ್ಪಾನ್ಸರ್ ಬೇಕಿಲ್ಲ. ಗಂಡುಮಕ್ಕಳನ್ನು ಮೊದಲು 18 ವರ್ಷದವರೆಗೆ ಮಾತ್ರ ತಂದೆಯ ಹೆಸರಿನಲ್ಲಿ ಇರಿಸಿಕೊಳ್ಳಬಹುದಿತ್ತು, ಅದನ್ನು 25ಕ್ಕೆ ಏರಿಸಿದರು. ಮದುವೆಯಾಗದ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ಇದಕ್ಕೂ ಮುಂಚೆ 2018ರಲ್ಲೇ ವಿಧವೆಯರಿಗೂ ವಿಚ್ಛೇದಿತೆಯರಿಗೂ ಸ್ಪಾನ್ಸರ್ ಇಲ್ಲದೆ ಒಂದು ವರ್ಷ ಇಲ್ಲೇ ಉಳಿಯುವ ಅವಕಾಶ ಕೊಟ್ಟಿದ್ದರು. 2022ರ ಫೆಬ್ರವರಿಯಲ್ಲಿ ಜಾರಿಯಾದ ಕಾರ್ಮಿಕ ಕಾನೂನು ನೌಕರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ, ನೇಮಕಾತಿಯ ಖರ್ಚನ್ನು ಅವನ ತಲೆಗೆ ಕಟ್ಟುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. 2023ರ ಜನವರಿಯಿಂದ ನಿರುದ್ಯೋಗ ವಿಮೆಯೂ ಇದೆ: ತಿಂಗಳಿಗೆ ಐದು ಅಥವಾ ಹತ್ತು ದಿರ್ಹಮ್ ಕಟ್ಟಿದವರಿಗೆ ಕೆಲಸ ಹೋದಾಗ ಮೂಲ ವೇತನದ ಶೇ 60ರಷ್ಟು ಮೊತ್ತ, ಒಂದು ಮಿತಿಯೊಳಗೆ, ಮೂರು ತಿಂಗಳವರೆಗೆ ಸಿಗುತ್ತದೆ. ಅರ್ಬಾಬನ (ಮಾಲೀಕನ) ಮರ್ಜಿಯೇ ಕಾನೂನಾಗಿದ್ದ ದಿನಗಳನ್ನು ಕಂಡ ನನಗೆ ಇವು ಸಣ್ಣ ಬದಲಾವಣೆಗಳಾಗಿ ತೋರುವುದಿಲ್ಲ.

ಆದರೆ ಈ ಬಾಗಿಲುಗಳು ಎಷ್ಟು ಎತ್ತರದಲ್ಲಿವೆ ಎಂಬುದನ್ನೂ ನೋಡಬೇಕು. ನೌಕರರ ವಿಭಾಗದಲ್ಲಿ ಗೋಲ್ಡನ್ ವೀಸಾಕ್ಕೆ ಪದವಿಯ ಜೊತೆಗೆ ತಿಂಗಳಿಗೆ 30,000 ದಿರ್ಹಮ್ ಸಂಬಳ ಬೇಕು. ಆಸ್ತಿಯ ಮೂಲಕ ಪಡೆಯುವುದಾದರೆ ಆಸ್ತಿಯ ಮೌಲ್ಯ 20 ಲಕ್ಷ ದಿರ್ಹಮ್ ಇರಬೇಕು. ಗ್ರೀನ್ ವೀಸಾಕ್ಕೆ ಪದವಿಯೂ 15,000 ದಿರ್ಹಮ್ ಸಂಬಳವೂ ಬೇಕು. ನಿವೃತ್ತರಿಗೆಂದೇ ಐದು ವರ್ಷದ ವೀಸಾ ಇದೆ, 55 ದಾಟಿರಬೇಕು, 15 ವರ್ಷ ದುಡಿದಿರಬೇಕು. ಇಷ್ಟು ಕೇಳಿದಾಗ ಇದು ನಮಗಾಗಿಯೇ ಮಾಡಿದ್ದು ಎನಿಸುತ್ತದೆ. ಮುಂದಿನ ಸಾಲಿನಲ್ಲಿ ಹತ್ತು ಲಕ್ಷ ದಿರ್ಹಮ್ ಬೆಲೆಯ ಆಸ್ತಿ, ಇಲ್ಲವೇ ಅಷ್ಟೇ ಉಳಿತಾಯ, ಅದೂ ಇಲ್ಲವೆಂದರೆ ತಿಂಗಳಿಗೆ 20,000 ದಿರ್ಹಮ್ (ದುಬೈಯಲ್ಲಿ 15,000) ಆದಾಯ ತೋರಿಸಿ ಎಂದಿದೆ. ಹತ್ತು ಲಕ್ಷ ದಿರ್ಹಮ್ ಎಂದರೆ ಎರಡು ಕೋಟಿ ರೂಪಾಯಿಗೂ ಹೆಚ್ಚು.

ಈ ಮೊತ್ತವನ್ನು ಒಬ್ಬ ನಿಜವಾದ ಮನುಷ್ಯನ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ನಮ್ಮ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಕರಾವಳಿಯ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. 24 ವರ್ಷ ಒಂದೇ ಕಂಪನಿಯಲ್ಲಿ ದುಡಿದ ಅವರ ಮೂಲ ವೇತನ ಕೊನೆಗೆ 3,000 ದಿರ್ಹಮ್ ಇತ್ತು. ಇಲ್ಲಿನ ಕಾನೂನಿನಂತೆ ಗ್ರಾಚ್ಯುಟಿ ಲೆಕ್ಕ ಹಾಕುವುದು ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಅನಂತರದ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನದ ಮೇಲೆ. ಒಟ್ಟು ಮೊತ್ತ ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ಕಾಕಾ ಅವರ ಲೆಕ್ಕವನ್ನು ನಾನೇ ಹಾಕಿಕೊಟ್ಟೆ: 10,500 ಮತ್ತು 57,000, ಕೂಡಿದರೆ 67,500 ದಿರ್ಹಮ್. ಕಂಪನಿ ಒಂದು ಫಿಲ್ಸ್ ಕೂಡ ಇಟ್ಟುಕೊಳ್ಳದೆ ಕೊಟ್ಟಿತು, ಅದನ್ನು ಹೇಳಲೇಬೇಕು. ಆದರೆ ಕಾಲು ಶತಮಾನದ ದುಡಿಮೆಯ ಆ ಗಂಟು ನಿವೃತ್ತಿ ವೀಸಾ ಕೇಳುವ ಉಳಿತಾಯದ ಹದಿನಾಲ್ಕರಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ.

ಇಲ್ಲಿ ಯಾರಾದರೂ ಕೆಲಸ ಬಿಟ್ಟರೆ ‘ಅವರು ಕ್ಯಾನ್ಸಲ್ ಆದರು’ ಎನ್ನುವುದು ನಮ್ಮವರ ಮಾತಿನ ರೂಢಿ. ರದ್ದಾಗುವುದು ವೀಸಾ, ಆದರೆ ಮಾತು ಮನುಷ್ಯನಿಗೇ ಅಂಟಿಕೊಂಡಿದೆ. ಕಾಕಾ ಕ್ಯಾನ್ಸಲ್ ಆದ ದಿನ ಅವರ ಜೊತೆ ಟೈಪಿಂಗ್ ಸೆಂಟರಿಗೆ ಹೋಗಿದ್ದೆ. ಕೌಂಟರಿನ ಹುಡುಗ ಒಳ್ಳೆಯವನೇ, ಅಚ್ಚಾದ ಹಾಳೆಯನ್ನು ಮುಂದಿಟ್ಟು, ದೇಶ ಬಿಡಬೇಕಾದ ದಿನಾಂಕದ ಕೆಳಗೆ ಪೆನ್ನಿನಿಂದ ಗೆರೆ ಎಳೆದು ತೋರಿಸಿದ. ಆ ದಿನ ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ ಎಂದು ನೆನಪಿಸಿದ. ಕಾಕಾ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ‘ಸಕ್ಕರೆ ಕಾಯಿಲೆಯ ಮದ್ದು ಇನ್ನೂ ಎರಡು ತಿಂಗಳಿಗೆ ಉಂಟು ಮಾರಾಯ್ರೆ, ಇಲ್ಲಿರಲು ಒಂದೇ ತಿಂಗಳು ಉಳಿದದ್ದು’ ಎಂದರು, ಅಷ್ಟೇ. ಗೋಲ್ಡನ್ ಮತ್ತು ಗ್ರೀನ್ ವೀಸಾದವರಿಗೆ ಇಂಥ ಹೊತ್ತಿನಲ್ಲಿ 180 ದಿನಗಳ ಕಾಲಾವಕಾಶವಿದೆ. ಹಣವಿದ್ದವರಿಗೆ ಆರು ತಿಂಗಳು, ಇಲ್ಲದವರಿಗೆ ಒಂದೆರಡು ತಿಂಗಳು ಎಂಬ ಈ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಊರಿಗೆ ಮರಳಲು ತಯಾರಿ ಹೆಚ್ಚು ಬೇಕಾದದ್ದು ಎರಡನೆಯವರಿಗೇ ಅಲ್ಲವೇ?

ಇಲ್ಲಿಯೇ ಹುಟ್ಟಿದ ಮಕ್ಕಳದ್ದು ಇನ್ನೊಂದು ಬಗೆಯ ಸಂಕಟ. ದುಬೈಯ ಆಸ್ಪತ್ರೆಯಲ್ಲಿ ಹುಟ್ಟಿ, ಇಲ್ಲಿನ ಸಿಬಿಎಸ್ಇ ಶಾಲೆಯಲ್ಲಿ ಓದಿ, ಊರನ್ನು ಬೇಸಿಗೆ ರಜೆಯಲ್ಲಷ್ಟೇ ಕಂಡ ಹುಡುಗ 25 ತುಂಬಿದಾಗ ಕೆಲಸದ ವೀಸಾ ಹೊಂದಿಸಿಕೊಳ್ಳದಿದ್ದರೆ, ಹುಟ್ಟಿದ ಊರಿಗೆ ಕೆಲಸ ಹುಡುಕುವ ವೀಸಾ ಪಡೆದು ಬರಬೇಕಾಗುತ್ತದೆ. ಅಂಥದೊಂದು ವೀಸಾ 2022ರಿಂದ ಇರುವುದು ಪುಣ್ಯವೇ ಸರಿ, ಆದರೂ ಆ ಅರ್ಜಿಯನ್ನು ತುಂಬುವ ಹುಡುಗನ ಮುಖವನ್ನು ತಂದೆಯಾದವನು ನೋಡುವುದು ಕಷ್ಟ.

ನಮ್ಮೊಳಗೆ ಎಲ್ಲರದೂ ಒಂದೇ ಅಭಿಪ್ರಾಯವಿದೆ ಎಂದು ನಾನು ಹೇಳುತ್ತಿಲ್ಲ. ಭಾನುವಾರ ಕನ್ನಡಿಗರು ಹತ್ತು ಮಂದಿ ಸೇರಿದ ಕಡೆ ಈ ಮಾತು ತೆಗೆದರೆ ಹತ್ತು ಉತ್ತರಗಳು ಬರುತ್ತವೆ. ಚಾಲಕನಾಗಿರುವ ಯುವಕನಿಗೆ ನಿವೃತ್ತಿಯ ಚಿಂತೆಯಿಲ್ಲ. ಕಾನೂನು ಏನೇ ಹೇಳಲಿ, ಊರಿನ ಏಜೆಂಟ್ ವೀಸಾಕ್ಕೆಂದು ಲಕ್ಷಗಟ್ಟಲೆ ಹಣ ಕೀಳುವುದನ್ನು ಮೊದಲು ನಿಲ್ಲಿಸಲಿ ಎಂಬುದು ಅವನ ವಾದ. ದಾದಿಯೊಬ್ಬರಿಗೆ ಕುಟುಂಬವನ್ನು ಕರೆಸಿಕೊಳ್ಳಲು ಬೇಕಾದ 4,000 ದಿರ್ಹಮ್ ಸಂಬಳದ ಷರತ್ತಿಗಿಂತ ವಯಸ್ಸಾದ ತಾಯಿಯನ್ನು ಜೊತೆಗಿರಿಸಿಕೊಳ್ಳುವ ಷರತ್ತುಗಳೇ ಭಾರವಾಗಿವೆ. ಅಂಗಡಿ ನಡೆಸುವವರು ಶುಲ್ಕದ ಮಾತೆತ್ತುತ್ತಾರೆ. ನಾವು ಬಂದದ್ದು ದುಡಿಯುವುದಕ್ಕೆ, ದುಡಿದಾಯಿತು, ಇನ್ನು ಹೊರಡುವುದೇ ಮರ್ಯಾದೆ ಎನ್ನುವ ಹಿರಿಯರೂ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಇಷ್ಟು ವರ್ಷ ಸಂಬಳದ ಮೇಲೆ ಒಂದು ಪೈಸೆ ಆದಾಯ ತೆರಿಗೆ ಕಟ್ಟದೆ ಊರಿನಲ್ಲಿ ಮನೆ ಕಟ್ಟಿದವರು, ತಂಗಿಯರ ಮದುವೆ ಮಾಡಿದವರು ನಾವು.

ಈ ದೇಶದ ಅಳುಕೂ ಅರ್ಥವಾಗುವಂಥದೇ. ತಮ್ಮ ನೆಲದಲ್ಲಿ ತಾವೇ ಹತ್ತರಲ್ಲಿ ಒಂದು ಪಾಲಾಗಿರುವ ಜನ ಬಂದವರೆಲ್ಲ ಉಳಿದರೆ ಏನು ಗತಿ ಎಂದು ಯೋಚಿಸದಿರಲಾರರು. 2021ರ ಜನವರಿಯಲ್ಲಿ ಪೌರತ್ವ ಕಾನೂನನ್ನು ತಿದ್ದಿ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳು ಮುಂತಾದವರಿಗೆ ಪೌರತ್ವ ಕೊಡಲು ಅವಕಾಶ ಮಾಡಿದಾಗಲೂ ಅದನ್ನು ಅರ್ಜಿ ಹಾಕಿ ಪಡೆಯುವಂತೆ ಮಾಡಲಿಲ್ಲ, ಅರಮನೆ ಮತ್ತು ಸರ್ಕಾರದ ನಾಮನಿರ್ದೇಶನಕ್ಕೇ ಬಿಟ್ಟರು. ಆದ್ದರಿಂದ ನಮ್ಮಲ್ಲಿ ಬಹಳ ಮಂದಿ ಪೌರತ್ವವನ್ನಾಗಲಿ ಮತದ ಹಕ್ಕನ್ನಾಗಲಿ ಕೇಳುತ್ತಿಲ್ಲ. ಇಪ್ಪತ್ತು ವರ್ಷ ಇಲ್ಲಿ ದುಡಿದು, ಒಂದೂ ಪೊಲೀಸ್ ಪ್ರಕರಣವಿಲ್ಲದೆ ಬಾಳಿದವನು ತನ್ನದೇ ಖರ್ಚಿನಲ್ಲಿ ಆರೋಗ್ಯ ವಿಮೆ ಮಾಡಿಸಿಕೊಂಡು, ಮಕ್ಕಳ ಆಸರೆಯಲ್ಲೋ ಸಣ್ಣ ಆದಾಯದಲ್ಲೋ ಇನ್ನೈದು ವರ್ಷ ಇರುತ್ತೇನೆಂದರೆ ಅದಕ್ಕೊಂದು ವೀಸಾ ಇರಲಿ. ಅದು ಆಗದಿದ್ದರೆ ಕೊನೆಯ ಪಕ್ಷ ಆ 180 ದಿನಗಳ ಕಾಲಾವಕಾಶ ದೀರ್ಘಕಾಲ ವಾಸಿಸಿದ ಎಲ್ಲರಿಗೂ ಸಿಗಲಿ. ಸ್ಪಾನ್ಸರ್ ಇಲ್ಲದೆಯೂ ಒಬ್ಬರು ಇಲ್ಲಿ ಇರಬಹುದೆಂಬುದನ್ನು 2018ರಲ್ಲಿ ವಿಧವೆಯರ ವಿಷಯದಲ್ಲಿ ಇದೇ ಸರ್ಕಾರ ಒಪ್ಪಿತ್ತು, ಆದ್ದರಿಂದ ಇದು ಹೊಸದಾಗಿ ಕಂಡುಹಿಡಿಯಬೇಕಾದ ತತ್ವವೇನಲ್ಲ.

ತಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ಇನ್ನು ಮುಂದೆ ಯುಎಇ ವೀಸಾದ ಸುದ್ದಿ ಬಂದಾಗ ಅದು ಅಧಿಕೃತ ಪ್ರಾಧಿಕಾರದಿಂದ ಬಂದದ್ದೋ ಸಲಹಾ ಕಂಪನಿಯೊಂದರ ಪ್ರಚಾರವೋ ಎಂಬುದನ್ನು ವರದಿಯ ಮೊದಲ ಸಾಲಿನಲ್ಲೇ ತಿಳಿಸಿ, ಸಂಬಳ ಮತ್ತು ಆಸ್ತಿಯ ಷರತ್ತುಗಳನ್ನು ಪೂರ್ತಿಯಾಗಿ ಕೊಡಿ, ನಿರಾಕರಣೆ ಬಂದರೆ ಮೂಲ ಸುದ್ದಿ ಬಂದ ಪುಟದಲ್ಲೇ ಹಾಕಿ. ನನ್ನ ಅಳಿಯ ತೋಟವನ್ನೇನೋ ಮಾರಲಿಲ್ಲ. ಆದರೆ ‘ಗೋಲ್ಡನ್ ವೀಸಾ ಕೊಡಿಸುತ್ತೇವೆ, ಮುಂಗಡ ಮಾತ್ರ ಸಾಕು’ ಎಂಬ ಜಾಹೀರಾತುಗಳನ್ನು ಮೊಬೈಲಿಗೆ ಕಳಿಸಿ, ‘ಇದು ಹೌದಾ ಮಾವ?’ ಎಂದು ಈಗಲೂ ತಿಂಗಳಿಗೊಮ್ಮೆ ಕೇಳುತ್ತಾನೆ.

ಇಂತು,
ಶಾರ್ಜಾದಲ್ಲಿ ನೆಲೆಸಿರುವ ಓರ್ವ ಓದುಗ