ರಸ್ತೆಯಡಿಯ ಕೊಳವೆಗೂ ಬಜೆಟ್‌ನಲ್ಲಿ ಒಂದು ಸಾಲು ಬೇಕು

ಮಾನ್ಯ ನಗರಸಭೆ ಅಧ್ಯಕ್ಷರಿಗೆ,

ಈ ಬಾರಿಯ ಬಜೆಟ್ ಪ್ರತಿಯನ್ನು ಎರಡು ಸಲ ಓದಿದೆ. ಒಳಚರಂಡಿಯ ಹೆಸರು ಎರಡು ಕಡೆ ಸಿಕ್ಕಿತು: ಒಮ್ಮೆ ಹೊಸ ಬಡಾವಣೆಗಳಿಗೆ ಮಾರ್ಗ ಎಳೆಯುವ ಕಾಮಗಾರಿಯಲ್ಲಿ, ಇನ್ನೊಮ್ಮೆ ‘ತುರ್ತು ದುರಸ್ತಿ’ಯ ಅಡಿಯಲ್ಲಿ. ನಡುವೆ ಇರಬೇಕಾಗಿದ್ದ ನಿರ್ವಹಣೆಗೆ ಬಿಡಿಗಾಸೂ ಇಲ್ಲ. ಕೊಳವೆಯನ್ನು ಹೂಳುವ ದಿನ ಮತ್ತು ಅದು ಕುಸಿಯುವ ದಿನ, ಈ ಎರಡು ದಿನ ಮಾತ್ರ ಅದು ನಗರಸಭೆಯ ನೆನಪಿಗೆ ಬರುತ್ತದೆ ಎಂದಾಯಿತು. ಬಹುಕಾಲ ಒಳಚರಂಡಿ ವಿಭಾಗದಲ್ಲೇ ಎಂಜಿನಿಯರ್ ಆಗಿ ದುಡಿದ ನನಗೆ ಇದು ಹೊಸದಲ್ಲ. ಆದರೂ ಬರೆಯದಿರಲು ಆಗಲಿಲ್ಲ.

ಹಣದ ಮಾತಿಗೆ ಮೊದಲು, ಖರ್ಚಿಲ್ಲದ ಒಂದು ಪರೀಕ್ಷೆ ಹೇಳುತ್ತೇನೆ. ನಸುಕಿನ ಮೂರು ಗಂಟೆಗೆ, ಊರೆಲ್ಲ ಮಲಗಿರುವಾಗ, ಒಂದು ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ಮೇಲಿನಿಂದಲೇ ಟಾರ್ಚ್ ಬಿಟ್ಟು ನೋಡಿ. ಆ ಹೊತ್ತಿನಲ್ಲಿ ಹರಿವು ತೀರಾ ಕಡಿಮೆ ಇರಬೇಕು. ಅದರ ಬದಲು ತಿಳಿನೀರು ಸರಸರನೆ ಓಡುತ್ತಿದ್ದರೆ ಅದು ಮನೆಗಳಿಂದ ಬಂದದ್ದಲ್ಲ. ಬಿರುಕುಬಿಟ್ಟ ಕೊಳವೆ, ಸಡಿಲಗೊಂಡ ಜೋಡಣೆಗಳ ಮೂಲಕ ನೆಲದ ನೀರು ಒಳಗೆ ನುಗ್ಗುತ್ತಿದೆ ಎಂದೇ ಅನುಮಾನಿಸಬೇಕು. ನಾನು ಮೊದಲ ಸಲ ಹಾಗೆ ನೋಡಿದಾಗ ತಳದಲ್ಲಿ ಸಿಕ್ಕಿಕೊಂಡಿದ್ದ ಬಾಟಲಿ ಮುಚ್ಚಳದ ಬಣ್ಣವೂ ಕಾಣುತ್ತಿತ್ತು. ಅಂಥ ನೀರನ್ನು ವಿದ್ಯುತ್ ಸುಟ್ಟು ಮೇಲೆತ್ತಿ, ಶುದ್ಧೀಕರಣ ಘಟಕಕ್ಕೆ ಕಳಿಸಿ, ಮತ್ತೊಮ್ಮೆ ಶುದ್ಧ ಮಾಡುತ್ತಿದ್ದೆವು! ಅದರ ಜೊತೆ ಸುತ್ತಲಿನ ಮಣ್ಣೂ ಚೂರುಚೂರಾಗಿ ಕೊಳವೆ ಸೇರುತ್ತದೆ. ಮೇಲೆ ಡಾಂಬರು ಅಚ್ಚುಕಟ್ಟಾಗಿರುತ್ತದೆ, ಕೆಳಗೆ ಟೊಳ್ಳು ಬೆಳೆಯುತ್ತದೆ. ಒಂದು ದಿನ ಲಾರಿಯ ಚಕ್ರ ಒಳಗೆ ಇಳಿದಾಗ ದೂಷಣೆ ರಸ್ತೆ ಗುತ್ತಿಗೆದಾರನ ತಲೆಗೆ.

ರಾತ್ರಿ ಎದ್ದು ಹೋಗುವುದು ಕಷ್ಟವೆಂದರೆ ಪಂಪ್ ಹೌಸಿನ ಲಾಗ್ ಪುಸ್ತಕ ತರಿಸಿಕೊಳ್ಳಿ. ಪಂಪ್‌ಗಳು ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಓಡಿವೆ, ಮಳೆಗಾಲದಲ್ಲಿ ಎಷ್ಟು? ಅಂತರ ದೊಡ್ಡದಿದ್ದರೆ ಕೊಳವೆ ಸೋರುತ್ತಿದೆ, ಇಲ್ಲವೇ ಚಾವಣಿಯ ಮಳೆನೀರನ್ನು ಯಾರೋ ಒಳಚರಂಡಿಗೆ ತಿರುಗಿಸಿದ್ದಾರೆ. ಕೊಳವೆಗೆ ಹೊಗೆ ಬಿಟ್ಟರೆ ಅಂಥ ಕಳ್ಳ ಜೋಡಣೆಗಳು ತಾವಾಗಿಯೇ ಹೊಗೆಯಾಡಿ ಸಿಕ್ಕಿಬೀಳುತ್ತವೆ.

ಇನ್ನೊಂದು ಹಾನಿ ಮೇಲಿನಿಂದ ಇಣುಕಿದರೆ ಕಾಣುವುದಿಲ್ಲ. ನಿಂತ ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನ್ನು ಕೊಳವೆಯ ಒದ್ದೆ ನೆತ್ತಿಯಲ್ಲಿರುವ ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಗಟ್ಟಿ ಕಾಂಕ್ರೀಟ್ ಕ್ರಮೇಣ ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಉದುರುವ ಹಿಟ್ಟಾಗುತ್ತದೆ. ಅದೇ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಪ್ರಮಾಣ ಏರಿದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಹಾಗಾಗಿ ‘ವಾಸನೆ ಇಲ್ಲ, ಇಳಿ’ ಎನ್ನುವ ಮೇಸ್ತ್ರಿಯಷ್ಟು ಅಪಾಯಕಾರಿ ಇನ್ನೊಬ್ಬನಿಲ್ಲ. ಶುಚಿಗೊಳಿಸುವ ಯಂತ್ರಕ್ಕೆ ಹಣವಿಲ್ಲ ಎಂಬುದು ಯಾರನ್ನೂ ಗುಂಡಿಗೆ ಇಳಿಸಲು ನೆಪವಾಗಬಾರದು. ಈ ವಿಷಯದಲ್ಲಿ ನನಗೆ ಚೌಕಾಸಿ ಇಲ್ಲ.

ಈಗ ಯೋಜನೆಯ ಮಾತು. ಎಲ್ಲಿ ಯಾವ ಕೊಳವೆ, ಯಾವ ವರ್ಷದ್ದು, ಎಷ್ಟು ಆಳದಲ್ಲಿ ಎಂಬ ವಿವರ ಎಷ್ಟೋ ಸಣ್ಣ ಊರುಗಳಲ್ಲಿ ಒಬ್ಬಿಬ್ಬರು ಹಳೆಯ ಕೆಲಸಗಾರರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ನಿವೃತ್ತರಾಗುವ ಮೊದಲು ಅವರನ್ನು ಜೊತೆಗೆ ಕರೆದುಕೊಂಡು ನಕ್ಷೆ ಬರೆಸಿ. ನಂತರ ಹಳೆಯ ಮಾರ್ಗಗಳಿಗೆ ಕ್ಯಾಮೆರಾ ಇಳಿಸಿ. ಹರಿವಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಸಿಗದ ಕಡೆ ಮರಳು ತಳ ಹಿಡಿಯುತ್ತದೆ. ಅಂಥ ಜಾಗಗಳನ್ನು ಗುರುತಿಸಿ ಪದೇಪದೇ ಜೆಟ್ಟಿಂಗ್ (ಭಾರೀ ಒತ್ತಡದ ನೀರು ಹಾಯಿಸಿ ಕೊಳವೆ ತೊಳೆಯುವುದು) ಮಾಡಿಸಿದರೆ ಉಳಿದ ಕಡೆ ವೃಥಾ ಓಡಾಟ ತಪ್ಪುತ್ತದೆ. ಬಿರುಕುಬಿಟ್ಟರೂ ಆಕಾರ ಕೆಡದ ಕೊಳವೆಗೆ ರಸ್ತೆ ಅಗೆಯದೆಯೇ ಒಳಗಿನಿಂದ ರಾಳದ ಹೊದಿಕೆ ಹಾಕಬಹುದು. ಲಂಡನ್ನಿನಲ್ಲಿ 1971ರಲ್ಲಿಯೇ ಮಾಡಿ ತೋರಿಸಿದ ವಿಧಾನವಿದು.

ಲೆಕ್ಕವೂ ಸರಳ. ಜಾಲ 100 ಕಿ.ಮೀ. ಇದ್ದು ವರ್ಷಕ್ಕೆ ಅರ್ಧ ಕಿ.ಮೀ. ಮಾತ್ರ ಬದಲಿಸಿದರೆ ಒಂದು ಸುತ್ತು ಮುಗಿಯಲು 200 ವರ್ಷ ಬೇಕು. ನಮ್ಮ ಕೊಳವೆಗಳಿಗೆ ಅಷ್ಟು ಆಯಸ್ಸಿದೆಯೇ ಎಂದು ತಮ್ಮ ಎಂಜಿನಿಯರರನ್ನೇ ಕೇಳಿ.

ಹಣ ಎಲ್ಲಿಂದ? ಅನುದಾನ ಬರುವುದು ಹೆಚ್ಚಾಗಿ ಹೊಸದನ್ನು ಕಟ್ಟಲು, ಇದ್ದದ್ದನ್ನು ಕಾಯಲು ಅಲ್ಲ. ಆದ್ದರಿಂದ ಒಳಚರಂಡಿ ಶುಲ್ಕಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ, ಅದರಿಂದ ಬೇರೆ ಬಾಬ್ತಿಗೆ ಒಂದು ಪೈಸೆಯೂ ಹೋಗದಂತೆ ನಿರ್ಣಯ ಮಾಡಿ. ಶುಚಿಗೊಳಿಸುವಿಕೆ, ಪಂಪ್ ರಿಪೇರಿಯಂಥ ವರ್ಷವರ್ಷದ ಖರ್ಚು ಶುಲ್ಕದಿಂದಲೇ ನಡೆಯಲಿ. ಐವತ್ತು ವರ್ಷ ಬಾಳುವ ಕೊಳವೆಗೆ ಸಾಲ ಮಾಡಿದರೆ ತಪ್ಪಿಲ್ಲ, ಮುಂದೆ ಬಳಸುವವರೂ ಕಂತು ಕಟ್ಟಲಿ. ಜೆಟ್ಟಿಂಗ್ ಡೀಸೆಲ್‌ಗೆ ಸಾಲ ಮಾಡುವುದು ಮಾತ್ರ ಬೇಡ. ಶುಲ್ಕ ಏರಿಸಬೇಕಾದೀತು. ಬಡ ಮನೆಗಳಿಗೆ ಕಡಿಮೆ ದರ ಇಟ್ಟು, ವರ್ಷಕ್ಕಿಷ್ಟು ಎಂದು ಮೊದಲೇ ಹೇಳಿ ಸ್ವಲ್ಪಸ್ವಲ್ಪವಾಗಿ ಏರಿಸಿ. ಹತ್ತು ವರ್ಷ ಮುಟ್ಟದೆ ಬಿಟ್ಟು ಒಮ್ಮೆಲೇ ಇಮ್ಮಡಿ ಮಾಡಿದರೆ ಜನ ಬೀದಿಗಿಳಿಯುತ್ತಾರೆ, ಆಗ ನಾನೂ ಅವರ ಜೊತೆಗಿರುತ್ತೇನೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಪಂಪ್ ಹೌಸಿನ ಕಳೆದ ಹನ್ನೆರಡು ತಿಂಗಳ ಲಾಗ್ ಪುಸ್ತಕವನ್ನು ಸದಸ್ಯರ ಮುಂದಿಡಬೇಕೆಂದು ಕೋರುತ್ತೇನೆ. ಅದನ್ನು ಓದಿ ವಿವರಿಸಲು ಯಾರಾದರೂ ಬೇಕಿದ್ದರೆ ಹೇಳಿ ಕಳಿಸಿ, ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಎಂಜಿನಿಯರ್