ಮಳೆಗಾಲದ ತುರ್ತು ಯೋಜನೆಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮ್ಮ ಶಾಲೆಯ ತುರ್ತು ಯೋಜನೆಯನ್ನು ಈ ವರ್ಷ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಕುಳಿತು ಹೊಸದಾಗಿ ಬರೆದಿದ್ದೇವೆ. ಅದರಲ್ಲಿ ಶಾಲೆ ತಾನಾಗಿ ಮಾಡಬಹುದಾದದ್ದು ಅರ್ಧ ಮಾತ್ರ. ಉಳಿದರ್ಧ ಪ್ರತಿಯೊಂದು ಮನೆಯಿಂದ ಬರಬೇಕಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲದ ಕಡೆ ಬೆಟ್ಟ ಕುಸಿದು ಏನಾಯಿತೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿತು. 2024ರ ಜುಲೈ 30ರ ನಸುಕಿನಲ್ಲಿ ನಮ್ಮ ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಮಣ್ಣುಪಾಲಾದವು. ಆದರೆ ನಮ್ಮ ಕೆಳಗಿನ ತರಗತಿಗಳ ಮಕ್ಕಳು 2018ರಲ್ಲಿ ಹುಟ್ಟಿರಲೇ ಇಲ್ಲ. ಅವರಿಗೆ ಅದು ಮನೆಯ ಹಿರಿಯರು ಆಡುವ ಮಾತು ಅಷ್ಟೆ. ಮಳೆ ಕಡಿಮೆಯಾದ ಒಂದೆರಡು ವರ್ಷ ಕಳೆದರೆ ದೊಡ್ಡವರಾದ ನಾವೂ ಮೈಮರೆಯುತ್ತೇವೆ.

ಯೋಜನೆ ಕಡತದಲ್ಲಿದ್ದರೆ ಸಾಲದು ಎಂಬುದಕ್ಕೆ ಜಪಾನಿನ ಒಂದು ಶಾಲೆಯ ಉದಾಹರಣೆಯನ್ನು ಶಿಕ್ಷಕರ ಸಭೆಯಲ್ಲಿ ಚರ್ಚಿಸಿದೆವು. 2011ರ ಮಾರ್ಚ್ 11ರಂದು ಭೂಕಂಪವಾದ ಮೇಲೆ ಇಶಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಗೆ ಸುನಾಮಿ ತಲುಪಲು ಸುಮಾರು 50 ನಿಮಿಷ ಹಿಡಿಯಿತು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಆದರೆ ಕೈಪಿಡಿಯಲ್ಲಿ ಹತ್ತಿರದ ಬಯಲು ಅಥವಾ ಉದ್ಯಾನಕ್ಕೆ ಹೋಗಬೇಕೆಂದಷ್ಟೇ ಇದ್ದು, ಯಾವ ಜಾಗವೆಂದು ಬರೆದಿರಲಿಲ್ಲ. ಎಲ್ಲಿಗೆ ಹೋಗುವುದೆಂಬ ಚರ್ಚೆಯಲ್ಲೇ ಹೆಚ್ಚಿನ ಸಮಯ ಕಳೆದುಹೋಗಿ 74 ಮಕ್ಕಳು ಮತ್ತು 10 ಮಂದಿ ಸಿಬ್ಬಂದಿ ತೀರಿಕೊಂಡರು. ಮುಂಚಿತವಾಗಿ ಸರಿಯಾದ ಸಿದ್ಧತೆ ಮಾಡದಿದ್ದದ್ದೇ ಲೋಪವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿತು. ಆ ಶಿಕ್ಷಕರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ನಮ್ಮ ಹಳೆಯ ಯೋಜನೆಯಲ್ಲೂ 'ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯುವುದು' ಎಂಬ ಸಾಲಿತ್ತು. ಅದನ್ನು ಹೊಡೆದುಹಾಕಿ, ಪಂಚಾಯಿತಿ ಕಚೇರಿಯ ಪಕ್ಕದ ಸಮುದಾಯ ಭವನ ಎಂದು ಬರೆದಿದ್ದೇವೆ. ಅಲ್ಲಿಗೆ ಹೋಗುವುದು ಕೆಳಗಿನ ತೋಡಿನ ದಾರಿಯಿಂದಲ್ಲ, ಮೇಲಿನ ಡಾಂಬರು ರಸ್ತೆಯಿಂದ.

ಅಡುಗೆ ಕೋಣೆಯ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ವಿಷಯ ಹಲವರು ಕೇಳಿದ್ದೀರಿ. ಬರೆಯ ನೆತ್ತಿಯಲ್ಲಿ ಸಣ್ಣ ಬಿರುಕು ಕಂಡಿರುವುದು ನಿಜ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ಅವುಗಳ ನಡುವಿನ ಅಂತರವನ್ನು ದಿನವೂ ಬೆಳಿಗ್ಗೆ ಟೇಪಿನಲ್ಲಿ ಅಳೆದು ಬರೆದಿಡುತ್ತಿದ್ದೇವೆ. ಎಂಜಿನಿಯರ್ ಬಂದು ನೋಡಿ ವರದಿ ಕೊಡುವವರೆಗೆ ಆ ಬದಿಯ ಎರಡು ಕೊಠಡಿಗಳಲ್ಲಿ ತರಗತಿ ನಡೆಯುವುದಿಲ್ಲ. ಬಿಸಿಯೂಟದ ಅಡುಗೆಯೂ ಮುಂದಿನ ಶೆಡ್ಡಿಗೆ ಬಂದಿದೆ. ನಿಮ್ಮ ಮನೆಯ ಹಿಂದೆಯೂ ಬರೆ ಇದ್ದರೆ ಇದೇ ರೀತಿ ಗಮನವಿಡಿ. ಅಂಗಳದಲ್ಲಿ ಹೊಸದಾಗಿ ಒರತೆ ಕಾಣಿಸಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಮಳೆ ಸುರಿಯುತ್ತಿದ್ದರೂ ಕಡಿಮೆಯಾದರೆ, ವಿದ್ಯುತ್ ಕಂಬ ವಾಲಿದರೆ, ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಂಡರೆ, ಬೆಳಗಾಗಲಿ ಎಂದು ಕಾಯದೆ ಮನೆ ಬಿಡಿ. ಮನೆ ಕಟ್ಟಲೆಂದು ಹಿಟಾಚಿ ತಂದು ಬರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಸುವುದನ್ನು ಮಳೆಗಾಲ ಮುಗಿಯುವವರೆಗಾದರೂ ನಿಲ್ಲಿಸಿ ಎಂದು, ಇದು ನನ್ನ ಅಧಿಕಾರದ ಮಾತಲ್ಲದಿದ್ದರೂ, ಕೇಳಿಕೊಳ್ಳುತ್ತೇನೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 115.6 ಮಿಲಿಮೀಟರ್ ಮುಟ್ಟಿದರೆ ಅತಿ ಭಾರಿ ಮಳೆ, 204.5ನ್ನು ಮುಟ್ಟಿದರೆ ಅತ್ಯಂತ ಭಾರಿ ಮಳೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ಆರೆಂಜ್, ಎರಡನೆಯದಕ್ಕೆ ರೆಡ್ ಅಲರ್ಟ್ ಬರುತ್ತದೆ. ರಜೆ ಘೋಷಿಸುವುದು ಜಿಲ್ಲಾಧಿಕಾರಿಗಳು. ಆ ಆದೇಶ ಬಂದ ಕೂಡಲೇ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಆದೇಶವಿಲ್ಲದ ದಿನವೂ ನಿಮ್ಮ ದಾರಿಯ ತೋಡು ಉಕ್ಕಿದ್ದರೆ ಮಗುವನ್ನು ಕಳುಹಿಸಬೇಡಿ. ಹಾಜರಾತಿಯ ಚಿಂತೆ ನನಗಿರಲಿ.

ಕಷ್ಟವಾಗುವುದು ಮಕ್ಕಳು ಶಾಲೆಗೆ ಬಂದ ಮೇಲೆ ಮಳೆ ಹೆಚ್ಚಾದಾಗ. ಅಂಥ ದಿನ ಯಾವ ಮಗುವನ್ನೂ ಒಂಟಿಯಾಗಿ ಮನೆಗೆ ಬಿಡುವುದಿಲ್ಲ. ಈ ಪತ್ರದ ಜೊತೆಗಿರುವ ನಮೂನೆಯಲ್ಲಿ ನೀವು ಬರೆದುಕೊಡುವ ಮೂವರ ಪೈಕಿ ಒಬ್ಬರು ಬಂದು ಸಹಿ ಹಾಕಿದರೆ ಮಾತ್ರ ಕಳುಹಿಸುತ್ತೇವೆ. ಚಿಕ್ಕಪ್ಪನೋ ನೆರೆಮನೆಯವರೋ ಪಟ್ಟಿಯಲ್ಲಿಲ್ಲದೆ ಬಂದರೆ ಬೇಸರಿಸಬಾರದು. ಗಾಬರಿಯಿಂದ ಬೈಕಿನಲ್ಲಿ ಧಾವಿಸಬೇಡಿ. ಮರ ಬಿದ್ದ ರಸ್ತೆಯಲ್ಲಿ ಹತ್ತಾರು ವಾಹನ ಸೇರಿಕೊಂಡರೆ ಆಂಬುಲೆನ್ಸ್ ಕೂಡ ಬರಲಾರದು. ರಾತ್ರಿಯಾದರೂ ಮಕ್ಕಳ ಜೊತೆ ಶಿಕ್ಷಕರಿರುತ್ತಾರೆ, ಅಕ್ಕಿ ಬೇಳೆ ಇರುತ್ತದೆ.

ಕಾಫಿ ತೋಟದ ಲೈನ್‌ಮನೆಗಳಲ್ಲಿರುವ ಪೋಷಕರಿಗೆ ವಿಶೇಷವಾಗಿ ಒಂದು ಮಾತು. ಕರೆಂಟ್ ಹೋಗಿ ಹೊತ್ತಾದರೆ ಮೊಬೈಲ್ ಟವರ್ ಕೂಡ ಸತ್ತುಹೋಗುತ್ತದೆ. ಆದ್ದರಿಂದ ಫೋನ್ ನಂಬರ್ ಬರೆದರೆ ಸಾಲದು. ತೋಟದ ರೈಟರ್ ಆಗಲಿ, ಅಂಗಡಿಯವರಾಗಲಿ, ನಡೆದುಹೋಗಿ ಸುದ್ದಿ ಮುಟ್ಟಿಸಬಹುದಾದ ಒಬ್ಬರ ಹೆಸರನ್ನು ಬರೆಯಿರಿ. ಅಸ್ಸಾಮಿನಿಂದ ಬಂದಿರುವ ಕುಟುಂಬಗಳಿಗೆ ಕನ್ನಡ ಓದಲು ಬಾರದು. ಅವರಿಗೆ ಈ ಪತ್ರವನ್ನು ಓದಿ ಹೇಳಲು, ಆ ತೋಟಗಳಿಂದಲೇ ಬರುವ ಏಳನೆಯ ತರಗತಿಯ ಮಕ್ಕಳನ್ನು ಒಪ್ಪಿಸಿದ್ದೇವೆ.

ಊರಿಗೆ ಆಪತ್ತು ಬಂದರೆ ನಮ್ಮ ಶಾಲೆಯ ಮುಂಭಾಗದ ಕಟ್ಟಡವೇ ಕಾಳಜಿ ಕೇಂದ್ರವಾಗಬಹುದು. ಹಾಸಿಗೆ ಹಿಡಿದವರು, ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗುವವರು ಯಾರ ಮನೆಯಲ್ಲಿದ್ದಾರೆಂದು ಆಶಾ ಕಾರ್ಯಕರ್ತೆಯರು ಪಟ್ಟಿ ಮಾಡುತ್ತಿದ್ದಾರೆ. ಸಂಕೋಚವಿಲ್ಲದೆ ಅವರಿಗೆ ವಿವರ ಕೊಡಿ. ರೇಷನ್ ಕಾರ್ಡ್, ಆಧಾರ್, ಜಾಗದ ಕಾಗದಪತ್ರ, ದಿನನಿತ್ಯದ ಮಾತ್ರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಗೆ ಸಿಗುವಲ್ಲಿಡಿ. ತುರ್ತು ಕರೆಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077.

ಬರುವ ಶನಿವಾರ ಬೆಳಿಗ್ಗೆ ಮಕ್ಕಳನ್ನು ಸಮುದಾಯ ಭವನದವರೆಗೆ ನಡೆಸಿಕೊಂಡು ಹೋಗುವ ಅಣಕು ಕಾರ್ಯಾಚರಣೆ ಇರುತ್ತದೆ. ಮಳೆಯಿದ್ದರೂ ನಡೆಯುತ್ತದೆ, ಕೊಡೆ ಕಳುಹಿಸಿ. ಪೋಷಕರಲ್ಲಿ ಕೆಲವರಾದರೂ ಜೊತೆಗೆ ನಡೆದು, ದಾರಿಯಲ್ಲಿ ನಮಗೆ ಕಾಣದ ತೊಂದರೆಗಳನ್ನು ತೋರಿಸಿಕೊಡಬೇಕು. ಲಗತ್ತಿಸಿರುವ ನಮೂನೆಯನ್ನು ಭರ್ತಿ ಮಾಡಿ, ಅದಕ್ಕೂ ಮುಂಚೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು